ಎರಡನೆಯ ಪಿನ್ನು

ಗೇರ್ ಆಯಿಲ್ ಹೊಸದಿದ್ದಾಗ ಗಂಧಕದ ಘಾಟು ಹೊಡೆಯುತ್ತದೆ. ಹಳತಾದರೆ ಕೊಳೆತ ಈರುಳ್ಳಿಯನ್ನು ಬಾಣಲೆಯಲ್ಲಿ ಕರಿಕು ಮಾಡಿದ ಹಾಗೆ. ಮೂವತ್ತು ವರ್ಷ ಇದೇ ಕೆಲಸದಲ್ಲಿ ಕಳೆದ ನನ್ನ ಮೂಗಿಗೆ ಅದು ತಾಗುವುದೇ ಇಲ್ಲ. ಹೆಂಡತಿ ಮೂಗು ಮುಚ್ಚಿಕೊಂಡಾಗ ಅಂಗಿ ಬದಲಿಸುತ್ತೇನೆ, ಅಷ್ಟೇ. ಆದರೆ ಈ ಸಲದ ಮಳೆಗಾಲದಲ್ಲಿ, ಚಿಂಚವಾಡದ ನಮ್ಮ ಗ್ಯಾರೇಜಿನಲ್ಲಿ, ಪ್ರಭಾಕರ ರಾಯರ ಬಿಳಿ ಅಂಬಾಸಿಡರ್‌ನ ಕೆಳಗೆ ಮಲಗಿ ಗೇರ್‌ಬಾಕ್ಸಿನ ಬೂಚು ತಿರುಗಿಸಿದಾಗ ಆ ವಾಸನೆ ಮೂಗಿಗಲ್ಲ, ನೇರ ಎದೆಗೇ ಬಡಿಯಿತು. ಒಂಬತ್ತು ವರ್ಷ ಅಲ್ಲಾಡದೆ ನಿಂತಿದ್ದ ಎಣ್ಣೆ. ಕೆಳಗಿಟ್ಟ ತಟ್ಟೆ ತುಂಬಿ ಹೊರಗೆ ಹರಿದು ನನ್ನ ತೋಳಿನ ಕೆಳಗೆ ಬರುವವರೆಗೂ ನಾನು ಏಳಲಿಲ್ಲ.

ರಾಯರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಮಗ ಹರೀಶ ಕಾರನ್ನು ಎಳೆಸಿಕೊಂಡು ಬಂದು ಬಿಟ್ಟು, "ಎಂಜಿನ್ ಯಾರಿಗಾದ್ರೂ ಬೇಕಿದ್ರೆ ತೆಗೆದು ಕೊಡಿ, ಉಳಿದದ್ದು ಗುಜರಿಗೆ ಹಾಕಿ" ಎಂದು ಹೇಳಿ ಹೋದ. ಆ ಕಾರು ಅಷ್ಟೂ ವರ್ಷ ಅವರ ಹೋಟೆಲಿನ ಹಿಂದಿನ ತಗಡಿನ ಕೆಳಗೆ ನಿಂತಿತ್ತು. ರಾಯರು ಯಾರನ್ನೂ ಮುಟ್ಟಲು ಬಿಟ್ಟಿರಲಿಲ್ಲ. ಯಾರೂ ಬಿಚ್ಚಲಿಲ್ಲವಲ್ಲ, ನನ್ನ ಪುಣ್ಯ ಅಂದುಕೊಂಡೇ ನಾನು ಇಷ್ಟು ದಿನ ಉಂಡೆ, ಮಲಗಿದೆ, ಮಗಳ ಮದುವೆ ಮಾಡಿದೆ.

ಒಂಬತ್ತು ವರ್ಷದ ಹಿಂದಿನ ಮಾತು. ಆ ವರ್ಷ ಪುಣೆಯ ಮಳೆ ಜೋರಾಗಿಯೂ ಬೀಳಲಿಲ್ಲ, ನಿಲ್ಲಲೂ ಇಲ್ಲ. ಇಡೀ ಆಷಾಢ ಪಿಂಪ್ರಿಯ ಕಾರ್ಖಾನೆ ಗೋಡೆಗಳೆಲ್ಲ ಒದ್ದೆ ಚೀಲದ ಬಣ್ಣಕ್ಕೆ ತಿರುಗಿದ್ದವು. ಅಂಥದೊಂದು ಬೆಳಿಗ್ಗೆ ರಾಯರು ಕಾರನ್ನು ಹೊಗೆ ಕಾರಿಸುತ್ತ ತಂದು ನಿಲ್ಲಿಸಿದರು. ಉಡುಪಿ ಕಡೆಯವರು. ಚಿಂಚವಾಡದಲ್ಲಿ ಹೋಟೆಲ್ ಹಾಕಿ ನಲವತ್ತು ವರ್ಷವಾಗಿತ್ತು. ಶುರುವಿನ ದಿನಗಳಲ್ಲಿ ದಿನಾ ಬೆಳಗಾಗುವ ಮೊದಲೇ ಇದೇ ಕಾರಿನಲ್ಲಿ ಮಾರ್ಕೆಟ್ ಯಾರ್ಡಿಗೆ ಹೋಗಿ, ಹಿಂದಿನ ಸೀಟು ಕಿತ್ತು, ಆಲೂಗಡ್ಡೆ ಚೀಲ ಹೇರಿಕೊಂಡು ಬರುತ್ತಿದ್ದರಂತೆ. ಎಂಜಿನ್ ಸತ್ತಿತ್ತು. ಅದನ್ನು ಹೇಳಿದೆವು.

"ಎಂಜಿನ್ ಸತ್ತರೆ ಬೇರೆ ಎಂಜಿನ್ ಹಾಕಿ ಮಾರಾಯ್ರೆ. ಆದರೆ ಈ ಗೇರು ಮಾತ್ರ ಮುಟ್ಟಬಾರದು," ಅಂದರು. ಸ್ಟೀರಿಂಗಿನ ಪಕ್ಕದಲ್ಲಿ ಕೈಗೆ ಸಿಗುವ ಹಳೆಯ ಕಾಲದ ಗೇರ್ ದಂಡ ಅದು. "ಇದು ಹೋದರೆ ನನಗೆ ಕಾರು ಓಡಿಸಿದ ಹಾಗೇ ಆಗೂದಿಲ್ಲ. ದಸರೆ ದಿನ ಬೆಳಿಗ್ಗೆ ಇವಳನ್ನು ಕೂರಿಸಿಕೊಂಡು ಚತುಃಶೃಂಗಿ ದೇವಸ್ಥಾನಕ್ಕೆ ಹೋಗ್ಬೇಕು. ಆಗ್ತದಲ್ವಾ?"

'ಇವಳು' ಅಂದರೆ ಅವರ ಹೆಂಡತಿ, ವಸಂತಿಯಮ್ಮ. ಕಾರಿನೊಳಗೇ ಕೂತು ನಗುತ್ತಿದ್ದರು. ನಮ್ಮ ಅಣ್ಣ ಸಿದ್ದರಾಮ ಎದೆ ಮುಟ್ಟಿಕೊಂಡು, "ಆಗ್ತದ್ರಿ, ಯಾಕಾಗೂದಿಲ್ಲ?" ಎಂದ.

ಅಣ್ಣನ ಬಗ್ಗೆ ಒಂದು ಮಾತು ಹೇಳಬೇಕು. ಇಂಡಿ ಕಡೆಯಿಂದ ಮೊದಲು ಪುಣೆಗೆ ಬಂದವನು ಅವನು. ದೊಡ್ಡ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಗೇರ್‌ಬಾಕ್ಸ್ ಜೋಡಿಸಿ, ಆ ವಿಭಾಗ ಮುಚ್ಚಿದಾಗ ಹೊರಬಿದ್ದು ಈ ಗ್ಯಾರೇಜು ಹಾಕಿದ. ಅವನ ಬಳಿ ಒಂದು ಡಯಲ್ ಗೇಜ್ ಇತ್ತು. ಕೈಗಡಿಯಾರದಷ್ಟು ದೊಡ್ಡದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅದರ ಮುಳ್ಳು ತಿರುಗಿ ಚಾಡಿ ಹೇಳುತ್ತದೆ. ಪೆಟ್ಟಿಗೆಯಲ್ಲಿ ಮಖಮಲ್ಲು ಹಾಸಿ ಇಟ್ಟಿದ್ದ. "ಬಸ್ಯಾ, ಕಣ್ಣು ಸುಳ್ಳ ಹೇಳ್ತದ, ಕೈ ಸುಳ್ಳ ಹೇಳ್ತದ, ಇದು ಹೇಳೂದಿಲ್ಲ" ಎಂದು ನನಗೆ ಕೆಲಸ ಕಲಿಸಿದವನು ಅವನೇ. ಇದನ್ನು ನೆನಪಿಟ್ಟುಕೊಳ್ಳಿ.

ಒಂದು ಮನೆಯ ಎಂಜಿನ್ನಿಗೆ ಇನ್ನೊಂದು ಮನೆಯ ಗೇರ್‌ಬಾಕ್ಸ್ ಕೂಡಿಸುವುದೆಂದರೆ ಸಂಬಂಧ ಕೂಡಿಸಿದ ಹಾಗೆಯೇ. ಎರಡೂ ಕಡೆಯವರು ಒಳ್ಳೆಯವರೇ ಇರುತ್ತಾರೆ. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದುವುದಿಲ್ಲ. ಕುದಳವಾಡಿಯ ಗುಜರಿ ಶೆಡ್ಡುಗಳಲ್ಲಿ ಮೂರು ದಿನ ಕೆಸರು ತುಳಿದು, ಅಪಘಾತದಲ್ಲಿ ನುಜ್ಜಾದ ಒಂದು ವ್ಯಾನಿನ ಎಂಜಿನ್ ಹುಡುಕಿದೆವು. ಎಂಜಿನ್ ಗಟ್ಟಿಯಿತ್ತು. ಆದರೆ ರಾಯರ ಗೇರ್‌ಬಾಕ್ಸಿನ ಶಾಫ್ಟು ಆ ಎಂಜಿನ್ನಿನ ಕ್ಲಚ್ ಪ್ಲೇಟಿನೊಳಗೆ ಹೋಗುತ್ತಿರಲಿಲ್ಲ. ಹಲ್ಲಿನ ಲೆಕ್ಕವೇ ಬೇರೆ. ಪ್ಲೇಟು ಎಂಜಿನ್ನಿನದು, ನಡುವಿನ ಹಲ್ಲಿನ ಭಾಗ ಗೇರ್‌ಬಾಕ್ಸಿನದು, ಹೀಗೆ ಎರಡನ್ನೂ ಸೇರಿಸಿ ರಿವಿಟ್ ಹೊಡೆಸಲು ಜುನಾ ಬಾಜಾರಿನ ಹತ್ತಿರದ ಒಬ್ಬನಿಗೆ ಕೊಟ್ಟೆವು. ಅವನು ಗಣಪತಿ ಹಬ್ಬ ಮುಗಿಯಲಿ ಅಂದ, ಪಿತೃಪಕ್ಷ ಮುಗಿಯಲಿ ಅಂದ. ನಾವೂ ಹೂಂ ಅಂದೆವು.

ಇನ್ನು ಉಳಿದದ್ದು ಅಡಾಪ್ಟರ್. ಎಂಜಿನ್ನಿನ ಬೆನ್ನಿಗೂ ಗೇರ್‌ಬಾಕ್ಸಿನ ಬಾಯಿಗೂ ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡುವುದಿಲ್ಲವಲ್ಲ, ಆ ಎರಡರ ನಡುವೆ ಇಡುವ ದಪ್ಪ ಉಕ್ಕಿನ ತಟ್ಟೆ ಅದು. ಇಡೀ ಸಂಬಂಧ ನಿಲ್ಲುವುದು ಅದರ ಮೇಲೆ. ಅದರ ನಡುವಿನ ತೂತು ಎಂಜಿನ್ನಿನ ನಡುವಿಗೆ ಸರಿಯಾಗಿ ಬರದಿದ್ದರೆ, ಕಾರು ಓಡುತ್ತದೆ, ಆದರೆ ಒಳಗೆ ಶಾಫ್ಟು ಓರೆಯಾಗಿ ತಿರುಗುತ್ತ ತಿರುಗುತ್ತ ಒಂದು ದಿನ ಗೇರನ್ನು ತಾನಾಗಿಯೇ ಉಗುಳಿಬಿಡುತ್ತದೆ.

ಅಣ್ಣ ಹೇಳಿದ: "ಮಹಾದೇವಕ್ಕಗ ಕೊಡೂಣು."

ಭೋಸರಿಯ ಒಂದು ಓಣಿಯಲ್ಲಿ ಮಹಾದೇವಕ್ಕನ ಶೆಡ್ಡು. ಒಂದು ಲೇಥು, ಒಂದು ಡ್ರಿಲ್ಲಿಂಗ್ ಮಷಿನ್ನು. ಅಕ್ಕಲಕೋಟೆ ಕಡೆಯವಳು. ಮಷಿನ್ನು ಗಂಡ ಶ್ರೀಶೈಲನದು. ಸಕ್ಕರೆ ಕಾಯಿಲೆಯಿಂದ ಅವನ ಕಣ್ಣು ಮಂಜಾದಾಗ ಕೆಲಸ ಇವಳ ಕೈಗೆ ಬಂತು. ಅವನು ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ. ಕಣ್ಣಿಲ್ಲದಿದ್ದರೂ ಮಷಿನ್ನಿನ ಸಪ್ಪಳ ಕೇಳಿ, "ಮೊಳಿ ಮಂಡಾಗೇತಿ, ಬದಲಿಸು" ಅನ್ನುತ್ತಿದ್ದ. ಅವಳು ನಿಲ್ಲಿಸಿ ನೋಡಿದರೆ ನಿಜವಾಗಿಯೂ ಕೊರೆಯುವ ಮೊನೆ ಮೊಂಡಾಗಿರುತ್ತಿತ್ತು. ಇದನ್ನು ನಾನೇ ಎರಡು ಸಲ ನೋಡಿದ್ದೇನೆ.

ಭೋಸರಿಯ ಗಂಡಸರು ಅವಳಿಗೆ ಕೆಲಸ ಕೊಡುತ್ತಿದ್ದರು, ಯಾಕೆಂದರೆ ಹೇಳಿದ ದಿನಕ್ಕೆ ಕೊಡುತ್ತಿದ್ದಳು. ಆದರೆ ಬೇರೆ ಯಾವ ಶೆಡ್ಡಿನಲ್ಲೂ ಮಾಡದ ಒಂದು ಕೆಲಸ ಅಲ್ಲಿ ಮಾಡುತ್ತಿದ್ದರು. ಮಾಲು ಕೈಗೆ ಬಂದ ಕೂಡಲೇ ಅವಳ ಮುಂದೆಯೇ ಜೇಬಿನಿಂದ ಕ್ಯಾಲಿಪರ್ ತೆಗೆದು ಅಳೆಯುತ್ತಿದ್ದರು. ಅವಳು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ಅಳದು ನೋಡ್ರಿ. ಅಳದ್ರ ಏನ್ ಸವೀತದ?" ಅನ್ನುತ್ತಿದ್ದಳು.

ಭಾದ್ರಪದದ ಒಂದು ಮಧ್ಯಾಹ್ನ ಛತ್ರಿ ಹಿಡಿದುಕೊಂಡು ನಮ್ಮ ಗ್ಯಾರೇಜಿಗೆ ಬಂದಳು. ಎಂಜಿನ್ನಿನ ಬೆನ್ನಿಗೆ ಖಾಕಿ ಕಾಗದ ಹಚ್ಚಿ, ಗ್ರೀಸ್ ಮೆತ್ತಿದ ಹೆಬ್ಬೆರಳಿನಿಂದ ಒತ್ತುತ್ತ ಒತ್ತುತ್ತ ಎಲ್ಲ ತೂತುಗಳ ಗುರುತು ತೆಗೆದುಕೊಂಡಳು. ಗೇರ್‌ಬಾಕ್ಸಿಗೂ ಹಾಗೆಯೇ. ಆಮೇಲೆ ಒಂದೊಂದನ್ನೂ ಮೂರು ಮೂರು ಸಲ ಅಳೆದು ಕಾಗದದ ಮೇಲೆ ಬರೆದಳು. ಅಣ್ಣ ಹೊರಗೆ ಹೋಗಿದ್ದ. ಹೊರಡುವಾಗ ನನ್ನನ್ನು ಕರೆದು ಎಂಜಿನ್ನಿನ ಕೆಳಗಿನ ಒಂದು ತೂತಿನ ಮೇಲೆ ಬೆರಳಿಟ್ಟಳು.

"ಬಸಣ್ಣ, ಇದರ ಬಾಯಿಗೆ ಸಣ್ಣ ಪೆಟ್ಟು ಬಿದ್ದದ ನೋಡ್ರಿ. ವ್ಯಾನು ಬಡಿದಾಗ ಆಗಿರಬೇಕು. ಸಣ್ಣ ಅರ ತಗೊಂಡು ನಾಕು ಸಲ ತಿಕ್ಕಿ ಬಿಡ್ರಿ, ಮರೀಬ್ಯಾಡ್ರಿ."

"ತಿಕ್ತೀನಕ್ಕಾ."

"ಪ್ಲೇಟು ನಡು ತಪ್ಪಬಾರದಂತ ಎರಡು ಪಿನ್ ಕೊಡ್ತೀನಿ. ಎರಡೂ ಕೈಲೆ ಒತ್ತಿದ್ರ ಕೂಡಬೇಕು. ಒಂದು ಕೂತು ಇನ್ನೊಂದು ಕೂಡಲಿಲ್ಲ ಅಂದ್ರ ಬೋಲ್ಟ್ ಬಿಗೀಬ್ಯಾಡ್ರಿ. ಬೋಲ್ಟಿನ ತೂತು ಸಡ್ಲ ಇರ್ತಾವ, ಪ್ಲೇಟು ಸರೀತದ. ನನಗ ಫೋನ್ ಮಾಡ್ರಿ. ಹಬ್ಬ ಇದ್ರೂ ಬರ್ತೀನಿ."

ಇಷ್ಟು ಬಿಡಿಸಿ ಹೇಳಿದ್ದಳು. ಆ ಅರದ ಕೆಲಸ ಐದು ನಿಮಿಷದ್ದು. ಐದು ನಿಮಿಷದ ಕೆಲಸ ಅಂತಲೇ ನಾನು ಇವತ್ತು ಮಾಡಿದರಾಯಿತು, ನಾಳೆ ಮಾಡಿದರಾಯಿತು ಎಂದು ಬಿಟ್ಟೆ.

ನವರಾತ್ರಿ ಬಂತು. ಮಳೆ ನಿಂತು, ಪುಣೆಯವರು ಅಕ್ಟೋಬರ್ ಹೀಟ್ ಅನ್ನುವ ಆ ಬಿಸಿಲು ಶುರುವಾಯಿತು. ಅಷ್ಟಮಿ ದಿನ ಸಂಜೆ ಮಹಾದೇವಕ್ಕ ಅಡಾಪ್ಟರ್ ತಂದು ಕೊಟ್ಟಳು. ಒಂಬತ್ತು ದಿನ ಒಂಬತ್ತು ಬಣ್ಣ ಉಡುತ್ತಾರಲ್ಲ ಇಲ್ಲಿನ ಹೆಂಗಸರು, ಆ ದಿನದ ಬಣ್ಣದ ಸೀರೆ ಉಟ್ಟುಕೊಂಡು, ಎಂಟು ಕಿಲೋ ಉಕ್ಕನ್ನು ಗೋಣಿತಾಟಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದಳು. ಎರಡು ಪಿನ್ನುಗಳು ಎಣ್ಣೆ ಹಚ್ಚಿದ ಪೇಪರಿನಲ್ಲಿ ಬೇರೆಯಾಗಿ ಇದ್ದವು. ನನ್ನ ಕಿರುಬೆರಳಿನಷ್ಟು ಉದ್ದ, ಅಷ್ಟೇ ದಪ್ಪ. ಅಣ್ಣ ಕ್ಯಾಲಿಪರ್ ತೆಗೆದು ಅಲ್ಲಲ್ಲಿ ಅಳೆದ. "ಬರಾಬರ್ ಅದ" ಎಂದ. ಅವಳು ಪೂಜೆಗೆ ಹೊತ್ತಾಯಿತೆಂದು ಹೊರಟು ಹೋದಳು.

ಜುನಾ ಬಾಜಾರಿನ ಕ್ಲಚ್ ಪ್ಲೇಟು ಕೈಗೆ ಬಂದದ್ದು ನವಮಿ ದಿನ ಮಧ್ಯಾಹ್ನ. ನಮ್ಮಲ್ಲಿ ಅವತ್ತು ಖಂಡೇ ಪೂಜೆ. ದುಡಿಯುವ ಆಯುಧಗಳನ್ನೆಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಸಾಲಾಗಿ ಇಡುತ್ತೇವೆ. ಇಟ್ಟ ಮೇಲೆ ಮರುದಿನ ಸಂಜೆ ಬನ್ನಿ ಮುಡಿಯುವವರೆಗೆ ಮುಟ್ಟುವ ಹಾಗಿಲ್ಲ. ರಾಯರ ಚತುಃಶೃಂಗಿ ಯಾತ್ರೆ ಮರುದಿನ ಬೆಳಿಗ್ಗೆ. ಅಂದರೆ ಅವತ್ತೇ ಎಂಜಿನ್ನು ಗೇರ್‌ಬಾಕ್ಸು ಕೂಡಬೇಕು. ನಾನು ಕ್ಲಚ್ ತರಲು ಹೋಗಿ ಬರುವಷ್ಟರಲ್ಲಿ ಅಣ್ಣ ಮಡಿಯುಟ್ಟು ಪೂಜೆ ಮುಗಿಸಿಬಿಟ್ಟಿದ್ದ.

ಅಣ್ಣನ ಭಕ್ತಿಯ ಲೆಕ್ಕ ನೋಡಿ. ಬೋಲ್ಟ್ ತಿರುಗಿಸುವ ಆರು ಪಾನಾ ಮತ್ತು ಜಾಕು ಮಾತ್ರ ಪೂಜೆಗೆ ಇಟ್ಟಿರಲಿಲ್ಲ, "ಕೆಲಸಕ್ಕ ಬೇಕಲ್ಲೊ" ಎಂದು. ಬೋಲ್ಟ್ ಬಿಗಿಯುವುದು ಅವನ ಪ್ರಕಾರ ಕೆಲಸ. ಅಳೆಯುವುದು ಕೆಲಸವಲ್ಲ. ಸುಳ್ಳು ಹೇಳದ ಆ ಡಯಲ್ ಗೇಜ್ ಮಖಮಲ್ಲಿನ ಪೆಟ್ಟಿಗೆಯ ಸಮೇತ ಪೂಜೆಯ ನಟ್ಟನಡುವೆ ಕೂತಿತ್ತು, ತಲೆಯ ಮೇಲೆ ದೊಡ್ಡ ಚೆಂಡುಹೂ ಹೊತ್ತುಕೊಂಡು. ಅದರ ಮಗ್ಗುಲಲ್ಲಿ ಅರಗಳು, ದೊಡ್ಡದರಿಂದ ಸಣ್ಣದರವರೆಗೆ, ಎಲ್ಲದರ ಹಣೆಗೂ ಕುಂಕುಮ.

ಅಡಾಪ್ಟರನ್ನು ಎಂಜಿನ್ನಿಗೆ ಹಿಡಿದೆವು. ಮೇಲಿನ ಪಿನ್ನು ಹೆಬ್ಬೆರಳಿನಿಂದ ಒತ್ತಿದ ಕೂಡಲೇ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಕೆಳಗಿನದು ಹೋಗಲಿಲ್ಲ. ನನಗೆ ಕೂಡಲೇ ತಿಳಿಯಿತು. ನಾನು ತಿಕ್ಕದೆ ಬಿಟ್ಟ ತೂತು.

"ಅಣ್ಣಾ, ಸಣ್ಣ ಅರ ಬೇಕು. ಇದರ ಬಾಯಿ ಸ್ವಲ್ಪ ತಿಕ್ಕಬೇಕು."

"ಪೂಜಾಕ್ಕ ಇಟ್ಟದ್ದು ತಗೀಬಾರದು. ಒಂದು ಪಿನ್ ಕೂತದಿಲ್ಲೊ? ಬೋಲ್ಟ್ ಬಿಗಿ, ಎಳಕೋತದ."

"ಗೇಜ್ ಹಚ್ಚಿ ಒಂದ್ಸಲ ನೋಡಾಣು."

"ನಾಳೆ ಸಂಜೀಗೆ ಬನ್ನಿ ಮುಡಿದ ಮ್ಯಾಲೆ ನೋಡೂಣಂತ."

"ಮಹಾದೇವಕ್ಕಗ ಫೋನ್ ಮಾಡ್ಲೇನು?"

"ಆಕಿ ಮನ್ಯಾಗೂ ಪೂಜಿ ಇರ್ತದ. ಹಬ್ಬದ ದಿನ ಯಾಕ ಆಕಿನ್ನ ಎಳೀತಿ?"

ನಾನು ಬಿಗಿದೆ. ಎಂಟೂ ಬೋಲ್ಟು, ಒಂದೊಂದಾಗಿ. ಅಣ್ಣ ಬೇಡವೆಂದ ಎಂದು ಈಗ ಬರೆಯುವುದು ಸುಲಭ. ಆದರೆ ಜೇಬಿನಲ್ಲಿ ಫೋನ್ ಇತ್ತು, ಎರಡು ಮಾರು ದೂರದಲ್ಲಿ ಅರ ಇತ್ತು, ಹೂ ಸರಿಸಿ ಎತ್ತಿಕೊಂಡಿದ್ದರೆ ಯಾವ ದೇವರು ಕೈ ಹಿಡಿಯುತ್ತಿದ್ದ? ತೂತು ತಿಕ್ಕಲು ನನಗೆ ಮೊದಲೇ ಹೇಳಿದ್ದಳು ಅನ್ನುವುದು ಹೊರಬೀಳುತ್ತದಲ್ಲ, ಅಣ್ಣನ ಬಾಯಿಗೆ ಯಾರು ಬೀಳುವುದು ಅಂತ ನಾನು ಸುಮ್ಮನಿದ್ದೆ. ಎರಡನೆಯ ಪಿನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ದಸರೆ ಬೆಳಿಗ್ಗೆ ರಾಯರು ಬಿಳಿ ಪಂಚೆಯುಟ್ಟು ಬಂದರು. ಕಾರು ಹೊಸ ಮದುಮಗನ ಹಾಗೆ ಹೊರಟಿತು. ಚತುಃಶೃಂಗಿಯವರೆಗೆ ನಾನೂ ಹಿಂದಿನ ಸೀಟಿನಲ್ಲಿ ಕೂತು ಹೋದೆ. ಮೂರನೆಯ ಗೇರಿನಲ್ಲಿ ವೇಗ ಇಳಿಸಿದಾಗ ಆ ದಂಡ ಸಣ್ಣಗೆ ನಡುಗುತ್ತಿತ್ತು.

"ಏನೋ ನಡುಗಿದ ಹಾಗೆ ಉಂಟಲ್ಲ?" ಎಂದು ರಾಯರು ಕೇಳಿದರು.

"ಹೊಸಾ ಕ್ಲಚ್ ಅದರಿ, ಕೂಡಬೇಕು," ಅಂದೆ ನಾನು.

ವಸಂತಿಯಮ್ಮ ಪ್ರಸಾದದ ಪೇಡೆ ತಂದು ನನ್ನ ಕೈಗೆ ಹಾಕಿದರು. ತಿಂದೆ. ಸಂಜೆ ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಎಂದು ಎಲ್ಲರ ಕಾಲು ಮುಟ್ಟಿದ ಮೇಲೆ ಅಣ್ಣ ಗೇಜಿನ ಕುಂಕುಮ ಒರೆಸಿ ಕಪಾಟಿನಲ್ಲಿಟ್ಟ. ನೋಡೂಣಂತ ಎಂದದ್ದನ್ನು ಅವನೂ ನೆನಪಿಸಲಿಲ್ಲ, ನಾನೂ ನೆನಪಿಸಲಿಲ್ಲ. ಕೂಡಿಸಿದ್ದನ್ನು ಮತ್ತೆ ಬಿಚ್ಚುವುದು ಒಂದಿಡೀ ದಿನದ ಕೆಲಸ.

ದೀಪಾವಳಿ ಕಳೆದ ಮೇಲೆ ರಾಯರು ಹೆಂಡತಿಯನ್ನು ಕರೆದುಕೊಂಡು ಜೇಜುರಿಗೆ ಹೋಗಿದ್ದರು. ತಿರುಗಿ ಬರುವಾಗ ದಿವೆ ಘಾಟಿನ ಇಳಿಜಾರಿನಲ್ಲಿ ಗೇರು ತಾನಾಗಿಯೇ ಕಳಚಿಕೊಂಡಿತು. ಹಿಡಿತ ಬಿಟ್ಟ ಕಾರು ಓಡತೊಡಗಿತು, ಹಳೆಯ ಬ್ರೇಕು ಸಾಕಾಗಲಿಲ್ಲ. ರಾಯರು ಬುದ್ಧಿ ಓಡಿಸಿ ಕಾರನ್ನು ಕಲ್ಲಿನ ಕಟ್ಟೆಗೆ ತಿಕ್ಕಿ ನಿಲ್ಲಿಸಿದರು. ಅವರಿಗೆ ಏನೂ ಆಗಲಿಲ್ಲ. ವಸಂತಿಯಮ್ಮನ ಸೊಂಟದ ಎಲುಬು ಮುರಿಯಿತು. ಆಮೇಲೆ ಅವರು ಕೋಲಿಲ್ಲದೆ ನಡೆಯಲೇ ಇಲ್ಲ.

ಸುದ್ದಿ ಕೇಳಿದ ದಿನವೇ ಅಣ್ಣ ಆಸ್ಪತ್ರೆಗೆ ಹೋಗಿ ಬಂದ. ಬಂದವನು ಅಂದ, "ಅಡಾಪ್ಟರ್ ಅಳತಿ ತಪ್ಪ್ಯಾದಂತ ಹೇಳಿ ಬಂದೀನಿ." ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ. ರಾಯರು ಆ ಕಾರನ್ನು ತಗಡಿನ ಕೆಳಗೆ ನಿಲ್ಲಿಸಿ, ಇನ್ನು ಇದನ್ನು ಯಾರೂ ಮುಟ್ಟಕೂಡದು ಎಂದರು. ಎರಡೇ ದಿನದಲ್ಲಿ ಭೋಸರಿಯ ಚಹಾ ಅಂಗಡಿಯಲ್ಲಿ ಮಾತು ಹಬ್ಬಿತು. ಹೆಂಗಸಿನ ಕೈ ಅಳತೆ, ಮತ್ತೇನಾಗುತ್ತದೆ ಅಂದರು. ಅವಳ ಮುಂದೆ ಕ್ಯಾಲಿಪರ್ ತೆಗೆಯುತ್ತಿದ್ದವರೆಲ್ಲ, ತಾವು ಅಳೆಯುತ್ತಿದ್ದದ್ದು ಇದಕ್ಕೇ ಎಂದು ಹೇಳಿಕೊಂಡು ಚಹಾ ಕುಡಿದರು.

ಮಹಾದೇವಕ್ಕ ತಾನೇ ಬಂದಳು. ಗ್ಯಾರೇಜಿನಲ್ಲಿ ರಾಯರ ಮಗ ಹರೀಶನಿದ್ದ, ಭೋಸರಿಯ ನಾಲ್ಕೈದು ಜನರೂ ಇದ್ದರು.

"ಸಿದ್ದಣ್ಣಾರ, ನನ್ನ ಅಳತಿ ತಪ್ಪಂತ ಹೇಳೀರಂತ. ಬಿಚ್ಚಿ ನೋಡೀರೇನು?"

"ರಾಯರು ಬಿಚ್ಚಾಕ ಬಿಡವಲ್ರು."

"ಬಿಚ್ಚದ ಹ್ಯಾಂಗ ಗೊತ್ತಾತು?"

"ನಾವು ಹಚ್ಚಿದ್ದೆಲ್ಲ ಬರಾಬರ್ ಅದವಾ. ಹೊರಗ ಅಳತಿ ತಗೊಂಡು ಮಾಡಿದ್ದು ಅದೊಂದ."

ಅವಳು ಅಣ್ಣನನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಸಿಟ್ಟು ಇರಲಿಲ್ಲ ಮುಖದಲ್ಲಿ. ಡಾಕ್ಟರನ್ನು ಕೇಳುವ ಹಾಗೆ ಕೇಳಿದಳು.

"ಬಸಣ್ಣ, ನೀವು ಹೇಳ್ರಿ. ಎರಡೂ ಪಿನ್ ಕೂತಿದ್ವಿಲ್ರಿ?"

ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ಅಣ್ಣ ಪಾನಾ ಒರೆಸುತ್ತಿದ್ದವನು ಒರೆಸುವುದು ನಿಲ್ಲಿಸಿದ.

"ಕೂತಿದ್ವು," ಅಂದೆ.

"ಕೈಲೆ ಒತ್ತಿದ್ದಕ್ಕ?"

"ಹೂಂ. ಕೈಲೆ ಒತ್ತಿದ್ದಕ್ಕ."

ಅವಳ ತುಟಿ ಅಲ್ಲಾಡುತ್ತಿತ್ತು, ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಕೊನೆಗೆ, "ಹಂಗಾದ್ರ ನಂದ ಎಲ್ಲೋ ತಪ್ಪ್ಯಾದ" ಎಂದಳು. ಹರೀಶನಿಗೆ ಕೈ ಮುಗಿದು, "ಅಮ್ಮಾರಿಗೆ ಹೇಳ್ರಿ, ನನ್ನಿಂದ ಆತು" ಎಂದು ಹೊರಟು ಹೋದಳು. ಅವಳು ಬೈದಿದ್ದರೆ, ಕೂಗಾಡಿದ್ದರೆ ನಾನು ಎಂದೋ ಮರೆಯುತ್ತಿದ್ದೆ. ನನ್ನ ಮಾತನ್ನು ನಂಬಿಬಿಟ್ಟಳು.

ಸಂಕ್ರಾಂತಿ ಹೊತ್ತಿಗೆ ಆ ಶೆಡ್ಡಿಗೆ ಬೇರೆಯವರು ಬಂದಿದ್ದರು. ಮಷಿನ್ನು ಮಾರಿ, ಗಂಡನನ್ನು ಕರೆದುಕೊಂಡು ರಾಂಜಣಗಾಂವದ ಕಡೆ ಹೋದಳಂತೆ, ಅಲ್ಲಿ ಯಾವುದೋ ಕಂಪನಿಯಲ್ಲಿ ಡಬ್ಬ ತುಂಬುವ ಕೆಲಸಕ್ಕೆ ಸೇರಿದಳಂತೆ ಎಂದು ಕೇಳಿದೆ. ಅಷ್ಟನ್ನು ಕೇಳಿ ಊಟ ಮಾಡಿದೆ.

ಈಗ, ಒಂಬತ್ತು ವರ್ಷದ ಮೇಲೆ, ಆ ಕಾರು ನನ್ನ ತಲೆಯ ಮೇಲೆಯೇ ಬಂದು ನಿಂತಿತ್ತು. ಗೇರ್‌ಬಾಕ್ಸು, ಕ್ಲಚ್ಚು ಇಳಿಸಿದೆ. ಅಡಾಪ್ಟರ್ ಎಂಜಿನ್ನಿಗೆ ಹಾಗೆಯೇ ಅಂಟಿಕೊಂಡಿತ್ತು, ಕೆಳಗಿನ ಪಿನ್ನಿನ ತೂತು ಖಾಲಿ. ಕಪಾಟಿನಿಂದ ಡಯಲ್ ಗೇಜ್ ತೆಗೆದು ಹಚ್ಚಿ, ಎಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸಿದೆ. ಮುಳ್ಳು ಹುಚ್ಚು ಹಿಡಿದ ಹಾಗೆ ಆ ಕಡೆಗೂ ಈ ಕಡೆಗೂ ಹೋಯಿತು. ಬೋಲ್ಟು ಸಡಿಲಿಸಿದೆ. ಸಣ್ಣ ಅರ ತೆಗೆದುಕೊಂಡು ತೂತಿನ ಬಾಯಿಯನ್ನು ನಾಲ್ಕು ಸಲ ತಿಕ್ಕಿದೆ. ಆ ಪಿನ್ನು ನನ್ನ ಬಳಿಯೇ ಇತ್ತು. ಎಸೆಯಲು ಧೈರ್ಯವಾಗದೆ ಹಳೆಯ ಬೀಗದ ಕೈಗಳ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಒರೆಸಿ ಹೆಬ್ಬೆರಳಿನಿಂದ ಒತ್ತಿದೆ. ಹೋಯಿತು. ಬೋಲ್ಟು ಬಿಗಿದು ಮತ್ತೆ ಎಂಜಿನ್ ತಿರುಗಿಸಿದೆ. ಒಂದು ಸುತ್ತು, ಎರಡು ಸುತ್ತು. ಮುಳ್ಳು ಇದ್ದಲ್ಲೇ ಉಸಿರಾಡಿದಷ್ಟು ಅಲ್ಲಾಡಿತು, ಅಷ್ಟೇ. ಕಾರ್ಖಾನೆಯಲ್ಲಿ ದೊಡ್ಡ ಮಷಿನ್ನಿನ ಮೇಲೆ ಮಾಡಿದರೂ ಅದಕ್ಕಿಂತ ಸರಿ ಬರುವುದಿಲ್ಲ. ಅವಳು ಅದನ್ನು ಬಾಡಿಗೆ ಶೆಡ್ಡಿನಲ್ಲಿ, ಖಾಕಿ ಕಾಗದದ ಗುರುತಿನಿಂದ ಮಾಡಿದ್ದಳು.

ಅಣ್ಣ ಹಿಂದೆ ಬಂದು ನಿಂತದ್ದು ಗೊತ್ತಾಗಿರಲಿಲ್ಲ. ಮೊಣಕಾಲು ಹೋದ ಮೇಲೆ ಅವನು ಗ್ಯಾರೇಜಿಗೆ ಬಂದು ಕುರ್ಚಿಯಲ್ಲಿ ಕೂರುತ್ತಾನೆ, ಅಷ್ಟೇ. ಮುಳ್ಳನ್ನು ಅವನೂ ನೋಡಿದ.

"ಹೋದದ್ದು ಹೋತು ಬಸ್ಯಾ. ಬಿಚ್ಚಿ ಗುಜರಿಗಿ ಹಾಕು."

"ನೀ ಕಲಿಸಿದ್ದಲ್ಲೇನಣ್ಣಾ, ಇದು ಸುಳ್ಳ ಹೇಳೂದಿಲ್ಲಂತ?"

ಅವನು ಹೋಗಿ ಕುರ್ಚಿಯಲ್ಲಿ ಕೂತ. ಆ ಕ್ಷಣ ಅವನನ್ನು ಕಂಡು ನನಗೆ ಕರುಣೆ ಬರಲಿಲ್ಲ. ನನ್ನ ಮೇಲೂ ಬರಲಿಲ್ಲ.

ಮೊದಲು ಭೋಸರಿಗೆ ಹೋದೆ. ಹೇಳಬೇಕಾದದ್ದು ಅಲ್ಲಿ ಅಂತ ಅನ್ನಿಸಿತು. ಚಹಾ ಅಂಗಡಿ ಇತ್ತು, ಕಟ್ಟೆಯೂ ಇತ್ತು. ಹಳಬರಲ್ಲಿ ಇಬ್ಬರು ಸಿಕ್ಕರು. ಆ ಅಡಾಪ್ಟರ್ ಸರಿಯಿತ್ತು, ತಪ್ಪು ನನ್ನದು ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದೆ. ಒಬ್ಬ ಬಹಳ ಹೊತ್ತು ಯೋಚಿಸಿ, "ಕೋಣ್ ಮಹಾದೇವಿ?" ಎಂದ. ಯಾವ ಮಹಾದೇವಿ. ಇನ್ನೊಬ್ಬನಿಗೆ ಓಣಿಯಲ್ಲಿ ಒಬ್ಬ ಹೆಂಗಸಿನ ಲೇಥು ಇದ್ದದ್ದು ನೆನಪಿತ್ತು. "ಆಕೆಯೇನೋ ಕೆಲಸ ಕೆಡಿಸಿದ್ದಳಲ್ಲ?" ಎಂದ. ಹೆಸರು ಹೋಗಿತ್ತು, ಮಾತು ಮಾತ್ರ ಉಳಿದಿತ್ತು.

ರಾಂಜಣಗಾಂವದಲ್ಲಿ ಹುಡುಕಲು ಎರಡು ಭಾನುವಾರ ಹಿಡಿಯಿತು. ಕಾರ್ಖಾನೆಗೆ ಹೋಗುವವರಿಗಾಗಿ ಕಟ್ಟಿದ ಸಾಲುಖೋಲಿಗಳಲ್ಲಿ ಒಂದು ಕೋಣೆ. ಮಹಾದೇವಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದು, "ಬರ್ರಿ ಬಸಣ್ಣ, ಕೂಡ್ರಿ" ಎಂದು ನೀರು ಕೊಟ್ಟಳು. ಗೋಡೆಯ ಮೇಲೆ ಶ್ರೀಶೈಲನ ಫೋಟೋ, ಅದಕ್ಕೆ ಹಾರ. ನಾನು ಕೂರಲಿಲ್ಲ. ಗೋಣಿತಾಟಿನಿಂದ ಅಡಾಪ್ಟರನ್ನು ತೆಗೆದು ನೆಲದ ಮೇಲಿಟ್ಟು, ಎರಡು ಪಿನ್ನುಗಳನ್ನು ಅದರ ಪಕ್ಕಕ್ಕಿಟ್ಟೆ. ಎಲ್ಲ ಹೇಳಿದೆ. ಅರ ಹಚ್ಚದೆ ಬಿಟ್ಟದ್ದು, ಒಂದೇ ಪಿನ್ನಿನ ಮೇಲೆ ಬಿಗಿದದ್ದು, ಅಷ್ಟು ಜನರ ಮುಂದೆ ಸುಳ್ಳು ಹೇಳಿದ್ದು.

ಅವಳು ಅಡಾಪ್ಟರಿನ ನಡುವಿನ ತೂತಿನ ಒಳಗಂಚನ್ನು ಬೆರಳಿನಿಂದ ಒಂದು ಸುತ್ತು ಸವರಿದಳು.

"ಫೋನ್ ಯಾಕ ಮಾಡ್ಲಿಲ್ಲ?"

"ಖಂಡೇ ಪೂಜಿ ಇತ್ತಕ್ಕಾ. ಅರ, ಗೇಜ್ ಎಲ್ಲಾ ಪೂಜಾದಾಗಿತ್ತು."

"ನಮ್ಮನ್ಯಾಗೂ ಇತ್ತು. ನಾ ಸಣ್ಣ ಅರ ಒಂದು ಹೊರಗಿಟ್ಟಿದ್ದೆ, ನಿಮ್ಮ ಫೋನ್ ಬಂದೀತಂತ."

ನಾನು ಅವಳ ಕಾಲಿಗೆ ಕೈ ಚಾಚಿದೆ. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

"ಮಂದಿ ಕೆಲಸ ಕೊಡಲಿಲ್ಲಂತ ನಾ ಮಷಿನ್ ಮಾರಲಿಲ್ಲ ಬಸಣ್ಣ. ಕೊಡೋರು ಇಬ್ಬರು ಮೂವರು ಇದ್ರು. ಕೈ ನಡುಗಾಕತ್ತು. ಒಂದು ತೂತು ಹೊಡದ್ರ ಹತ್ತು ಸಲ ಅಳೀತಿದ್ದೆ, ಆದ್ರೂ ನನಗ ನಂಬಿಕಿ ಬರ್ತಿರಲಿಲ್ಲ."

ಫೋಟೋದ ಕಡೆ ನೋಡಿದಳು.

"ಇವರು ಹೇಳ್ತಿದ್ರು. ಆ ಪ್ಲೇಟಿನ ಸಪ್ಪಳ ನಾ ಕೇಳೀನಿ, ಅದು ಬರಾಬರ್ ಇತ್ತು, ನಿಂದು ತಪ್ಪಿಲ್ಲಂತ. ಸಾಯೂ ಹಿಂದಿನ ದಿನಾನೂ ಅದನ್ನ ಅಂದ್ರು. ಕಣ್ಣಿಲ್ಲದ ಮನುಷ್ಯಾ, ನನ್ನ ಸಮಾಧಾನಕ್ಕ ಹೇಳ್ತಾರಂತ ನಾ ನಂಬಲಿಲ್ಲ. ನೀವು ಕಣ್ಣಿದ್ದವ್ರು, ಎರಡೂ ಕೂತಿದ್ವು ಅಂದಿದ್ರಿ. ನಿಮ್ಮನ್ನ ನಂಬಿದೆ."

ಹೊರಗೆ ಎರಡನೆಯ ಪಾಳಿಯ ಕಂಪನಿ ಬಸ್ಸು ಹಾರ್ನ್ ಹೊಡೆಯಿತು. ಅವಳು ಎದ್ದು ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು, ನಾನು ಹೊರಗೆ ಬರುವವರೆಗೆ ಕಾದು, ಬಾಗಿಲಿಗೆ ಬೀಗ ಹಾಕಿದಳು. ಅಡಾಪ್ಟರ್ ಒಳಗೇ, ಫೋಟೋದ ಕೆಳಗೆ ಉಳಿಯಿತು.